ತಂತಿ ದಪ್ಪವಾದರೆ ದನಿ ಇಂಪಾದೀತೇ?

ಮೈಸೂರಿನ ಅಶೋಕಪುರಂನಂಥ ಬಡಾವಣೆಯಲ್ಲಿ ಜಯಂತಿಯೋ ಉತ್ಸವವೋ ಬಂದರೆ ಮೈಕ್‌ಸೆಟ್‌ನವರು ಕಂಬದಿಂದ ಕಂಬಕ್ಕೆ ತಂತಿ ಎಳೆದು ಹಾರ್ನ್ ಕಟ್ಟುವುದುಂಟು. ಆ ತಂತಿ ತೀರ ಸಾಧಾರಣ. ಆದರೂ ಬೀದಿಯ ಕೊನೆಯ ಹಾರ್ನಿನಲ್ಲೂ ಭಾಷಣ ಸ್ಪಷ್ಟವಾಗಿ ಕೇಳುತ್ತದೆ. ಇತ್ತ ಮನೆಯ ಸ್ಟೀರಿಯೋಗೆ ಜೋಡಿಸುವ ಮೂರು ಮೀಟರ್ ಕೇಬಲ್‌ಗೆ ಸಾವಿರಾರು ರೂಪಾಯಿ ತೆರುವವರಿದ್ದಾರೆ. ತಂತಿಯಿಂದ ದನಿಯ ಗುಣ ನಿಜಕ್ಕೂ ಬದಲಾಗುತ್ತದೆಯೇ?

ತಂತಿಯಲ್ಲಿ ಒಂದಿಷ್ಟು ಶಕ್ತಿ ಪೋಲಾಗುವುದೇನೋ ನಿಜ. ಮೈಸೂರು ಸಂಸ್ಥಾನಕ್ಕೆ ಈ ಸಮಸ್ಯೆ ಶತಮಾನದ ಹಿಂದೆಯೇ ಎದುರಾಗಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ಯುವಾಗ ಅದನ್ನು ಹತ್ತಾರು ಸಾವಿರ ವೋಲ್ಟ್‌ಗೆ ಏರಿಸಲಾಯಿತು. ವೋಲ್ಟ್ ಹೆಚ್ಚಿದಷ್ಟೂ ತಂತಿಯಲ್ಲಿ ಹರಿಯಬೇಕಾದ ವಿದ್ಯುತ್ ಪ್ರವಾಹ ಕಡಿಮೆ; ಶಾಖವಾಗಿ ಪೋಲಾಗುವುದೂ ಕಡಿಮೆ. ಮೈಕ್‌ಸೆಟ್‌ನ 100 ವೋಲ್ಟ್ ಲೈನಿನ ಗುಟ್ಟೂ ಇದೇ. ಹಾರ್ನಿನ ಬಳಿ ಇರುವ ಪುಟ್ಟ ಟ್ರಾನ್ಸ್‌ಫಾರ್ಮರ್ ಆ ವೋಲ್ಟನ್ನು ಮತ್ತೆ ಇಳಿಸುತ್ತದೆ.

ಮನೆಯ ಸ್ಪೀಕರಿಗೆ ಈ ಏರ್ಪಾಡಿಲ್ಲ. 8 ಓಮ್ ಸ್ಪೀಕರನ್ನು 10 ಮೀಟರ್ ದೂರದಲ್ಲಿಟ್ಟು 0.75 ಚದರ ಮಿ.ಮೀ. ತಾಮ್ರದ ತಂತಿ ಎಳೆದರೆ, ಹೋಗಿ ಬರುವ ಎರಡೂ ಎಳೆ ಸೇರಿ ಸುಮಾರು ಅರ್ಧ ಓಮ್ ತಡೆಯಾಗುತ್ತದೆ. 2.5 ಚದರ ಮಿ.ಮೀ. ತಂತಿಯಾದರೆ 0.14 ಓಮ್ ಮಾತ್ರ. ದೂರ ಹೆಚ್ಚಿದ್ದಾಗ ದಪ್ಪ ತಂತಿ ಬೇಕೆನ್ನುವ ವಾದ ಇಷ್ಟರಮಟ್ಟಿಗೆ ಸರಿ.

ವಿವಾದ ಹುಟ್ಟಿದ್ದು ಇದರಾಚೆಗೆ. 1979ರಲ್ಲಿ ಅಮೆರಿಕದ ನೋಯಲ್ ಲೀ ‘ಮಾನ್‌ಸ್ಟರ್ ಕೇಬಲ್’ ಕಂಪನಿ ಕಟ್ಟಿದ ಮೇಲೆ ತಂತಿಯೇ ದೊಡ್ಡ ವ್ಯಾಪಾರವಾಯಿತು. 1983ರಲ್ಲಿ ಅಲ್ಲಿನ ‘ಸ್ಟೀರಿಯೋ ರಿವ್ಯೂ’ ಪತ್ರಿಕೆ, ಜೋಡಿಸಿರುವುದು ಯಾವ ತಂತಿಯೆಂದು ತಿಳಿಸದೆ ಕೇಳುಗರನ್ನು ಪರೀಕ್ಷಿಸಿತು. ಬರೀ ಸದ್ದು ಹಾಕಿದಾಗ ತೀರ ಸಪೂರ ತಂತಿ ಸಿಕ್ಕಿಬಿತ್ತು. ಸಂಗೀತ ಹಾಕಿದಾಗ ಸಾಧಾರಣ ದೀಪದ ತಂತಿಗೂ ದುಬಾರಿ ಕೇಬಲಿಗೂ ಭೇದ ತಿಳಿಯಲಿಲ್ಲ. 2007ರಲ್ಲಿ 7,250 ಡಾಲರಿನ ಕೇಬಲನ್ನು ಕಿವಿಯಿಂದಲೇ ಗುರುತಿಸಿದವರಿಗೆ ಹತ್ತು ಲಕ್ಷ ಡಾಲರ್ ಕೊಡುವುದಾಗಿ ಪವಾಡ ಪರೀಕ್ಷಕ ಜೇಮ್ಸ್ ರ‍್ಯಾಂಡಿ ಸವಾಲೆಸೆದರು. ಆ ಪರೀಕ್ಷೆ ನಡೆಯಲೇ ಇಲ್ಲ.

ಪರೀಕ್ಷೆಯ ಒತ್ತಡದಲ್ಲಿ ಸೂಕ್ಷ್ಮ ಭೇದ ತಪ್ಪಿಹೋಗುತ್ತದೆಂಬುದು ದುಬಾರಿ ಕೇಬಲ್ ಮೆಚ್ಚುವವರ ಉತ್ತರ. ಅವರು ಸುಳ್ಳು ಹೇಳುತ್ತಾರೆಂದಲ್ಲ. ಬೆಲೆ ಗೊತ್ತಿದ್ದಾಗ ಕಿವಿಗೂ ಮೊದಲು ಮನಸ್ಸು ಕೇಳಿಬಿಡುತ್ತದೆ. ಕೊಳ್ಳುವ ಮುನ್ನ ಮನೆಯವರೊಬ್ಬರಿಗೆ ತಂತಿ ಬದಲಿಸಲು ಹೇಳಿ, ಕಣ್ಣು ಮುಚ್ಚಿ ಕೇಳಿ. ಭೇದ ತಿಳಿಯದಿದ್ದರೆ ಆ ಹಣ ಒಳ್ಳೆಯ ಸ್ಪೀಕರಿಗಾದೀತು.