ಪ್ರಶಸ್ತಿಯಾಚೆಗಿನ ಚರಿತ್ರೆ: ಏಷ್ಯಾ ಮಹಿಳಾ ವಾಲಿಬಾಲ್

ಏಷ್ಯಾ ಮಹಿಳಾ ವಾಲಿಬಾಲ್ ಚಾಂಪಿಯನ್‌ಷಿಪ್ 1975ರಲ್ಲಿ ಆರಂಭವಾದುದು ಏಷ್ಯಾದ ನೆಲದಲ್ಲಲ್ಲ, ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ವರ್ಣ ಗೆದ್ದಿದ್ದ ಜಪಾನ್ ಇಲ್ಲಿಯೂ ಮೊದಲ ಪ್ರಶಸ್ತಿಗೆ ಭಾಜನವಾಯಿತು. 1979ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಚೀನಾ ಗೆದ್ದಿತು. 1983ರಲ್ಲಿ ಫುಕುವೊಕಾದಲ್ಲಿ ಜಪಾನ್ ಅದನ್ನು ಮರಳಿ ಪಡೆಯಿತು. ನಾಲ್ಕು ವರ್ಷಗಳಿಗೊಮ್ಮೆ ನಡೆಯುತ್ತಿದ್ದ ಕೂಟವು 1987ರ ಬಳಿಕ ಎರಡು ವರ್ಷಗಳಿಗೊಮ್ಮೆ ನಡೆಯತೊಡಗಿತು. ಆ ವರ್ಷದಿಂದ 2005ರವರೆಗೆ ಸತತ ಹತ್ತು ಬಾರಿ ಚೀನಾವೇ ವಿಜಯಿ. ಆ ಸರಣಿಯನ್ನು 2007ರಲ್ಲಿ ಜಪಾನ್ ಮುರಿಯಿತು. 2009ರಲ್ಲಿ ಹನೋಯ್‌ನ ಅಂತಿಮ ಪಂದ್ಯದಲ್ಲಿ ಚೀನಾವನ್ನು ಸೋಲಿಸಿದ ಥಾಯ್ಲೆಂಡ್ ಮೂರನೆಯ ವಿಜೇತ ರಾಷ್ಟ್ರವಾಯಿತು. 2013 ಮತ್ತು 2023ರಲ್ಲಿ ಮತ್ತೆ ಗೆದ್ದಿತು.

2023ರವರೆಗಿನ 21 ಕೂಟಗಳಲ್ಲಿ ಚೀನಾ 13, ಜಪಾನ್ 5, ಥಾಯ್ಲೆಂಡ್ 3 ಬಾರಿ ಗೆದ್ದಿವೆ; ನಾಲ್ಕನೆಯ ಹೆಸರಿಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕಂಚು ಪಡೆದ ದಕ್ಷಿಣ ಕೊರಿಯಾ ಈ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಮೆಲ್ಬರ್ನ್‌ನ ಮೊದಲ ಕೂಟದಲ್ಲಿ ಎರಡನೆಯ ಸ್ಥಾನ ಅದರದೇ ಆಗಿತ್ತು.

ಶಾಸನಗಳ ಪ್ರಶಸ್ತಿಭಾಗವು ಗೆದ್ದವರನ್ನಷ್ಟೇ ಹೊಗಳುತ್ತದೆ. ಅದನ್ನೇ ಇಡೀ ಚರಿತ್ರೆಯೆಂದು ಯಾವ ಸಂಶೋಧಕನೂ ಭಾವಿಸುವುದಿಲ್ಲ. ಕ್ರೀಡೆಯ ವಿಜೇತರ ಪಟ್ಟಿಯನ್ನೂ ಅದೇ ಎಚ್ಚರದಿಂದ ಓದಬೇಕು. ಬಲಿಷ್ಠ ಎದುರಾಳಿಯಿಲ್ಲದೆ ಗೆಲುವಿಗೆ ಬೆಲೆಯಿಲ್ಲ. ಆ ಎದುರಾಳಿಯ ಹೆಸರನ್ನು ಹುಡುಕುವುದೇ ಚರಿತ್ರಕಾರನ ಕೆಲಸ.