ಸ್ಯಾಟರ್: ಅಂದಿನ ವಿದೂಷಕ, ಇಂದಿನ ಕಾವಲುಗಾರ

ತಲೆಯ ಮೇಲೆ ಎರಡು ಪುಟ್ಟ ಕೊಂಬು, ಸೊಂಟದವರೆಗೆ ಮನುಷ್ಯ, ಅಲ್ಲಿಂದ ಕೆಳಗೆ ಆಡು. ಇಂಥ ಪಾತ್ರವನ್ನು ನೀವು ಇಂಗ್ಲಿಷ್ ಚಲನಚಿತ್ರಗಳಲ್ಲಿ ನೋಡಿರಬಹುದು. ಡಿಸ್ನಿ ಸಂಸ್ಥೆಯ 1997ರ ‘ಹರ್ಕ್ಯುಲಿಸ್’ ಚಿತ್ರದಲ್ಲಿ ನಾಯಕನನ್ನು ಪಳಗಿಸುವ ಗುರು ಫಿಲ್ ಅಂಥವನು. 2005ರಲ್ಲಿ ಆರಂಭವಾದ ರಿಕ್ ರಿಯೊರ್ಡನ್ನರ ‘ಪರ್ಸಿ ಜಾಕ್ಸನ್’ ಕಾದಂಬರಿಮಾಲೆಯ ಗ್ರೋವರ್ ಕೂಡ ಅಂಥವನೇ. ಇವರ ಹೆಸರು ಸ್ಯಾಟರ್. ಇಬ್ಬರೂ ಎಳೆಯರಿಗೆ ನೆರವಾಗುವವರು. ಆದರೆ ಪ್ರಾಚೀನ ಅಥೆನ್ಸಿನ ಪ್ರಜೆ ಇವರನ್ನು ನೋಡಿದ್ದರೆ ಗುರುತು ಹಿಡಿಯುತ್ತಿದ್ದನೇ?

ಸುಲಭವಾಗಿ ಹಿಡಿಯುತ್ತಿರಲಿಲ್ಲ. ಕ್ರಿ.ಪೂ. 6 ಮತ್ತು 5ನೆಯ ಶತಮಾನಗಳ ಗ್ರೀಕ್ ಮಣ್ಣಿನ ಪಾತ್ರೆಗಳ ಮೇಲೆ ಸ್ಯಾಟರನಿಗಿರುವುದು ಆಡಿನ ಕಾಲಲ್ಲ. ಕುದುರೆಯ ಕಿವಿ ಮತ್ತು ಬಾಲ. ಅವನು ದ್ರಾಕ್ಷಾರಸದ ದೇವತೆ ಡಯೊನೈಸಸನ ಪರಿವಾರದವನು. ಕುಡಿತ, ಕುಣಿತ, ವನದೇವತೆಯರ ಬೆನ್ನಟ್ಟುವುದು ಅವನ ದಿನಚರಿ. ಮಾತಿನಲ್ಲಿ ಶೂರ, ಅಪಾಯ ಬಂದರೆ ಹೇಡಿ.

ಇಂಥವನಿಗೂ ಅಥೆನ್ಸಿನ ರಂಗಭೂಮಿಯಲ್ಲಿ ಗೌರವದ ಸ್ಥಾನವಿತ್ತು. ಡಯೊನೈಸಸನ ಉತ್ಸವದಲ್ಲಿ ಕವಿಯೊಬ್ಬನ ಮೂರು ರುದ್ರನಾಟಕಗಳು ಮುಗಿದ ಮೇಲೆ, ಸ್ಯಾಟರರ ಮೇಳವಿರುವ ಒಂದು ನಗೆನಾಟಕ ಬರುತ್ತಿತ್ತು. ಬಿ.ಎಂ.ಶ್ರೀ. ಅವರು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದ ಈಸ್ಕಿಲಸನ ನಾಟಕವನ್ನು ನೀವು ಬಲ್ಲಿರಿ. ಕ್ರಿ.ಪೂ. 472ರಲ್ಲಿ ಅದು ಪ್ರದರ್ಶನಗೊಂಡಾಗಲೂ ಕೊನೆಗೆ ಬಂದದ್ದು ಸ್ಯಾಟರ್ ನಾಟಕವೇ. ಅತ್ತು ಬಳಲಿದ ಪ್ರೇಕ್ಷಕ ನಗುತ್ತಾ ಮನೆಗೆ ಹೋಗುತ್ತಿದ್ದ. ಈ ಬಗೆಯ ನಾಟಕಗಳಲ್ಲಿ ಪೂರ್ಣವಾಗಿ ಉಳಿದಿರುವುದು ಯೂರಿಪಿಡೀಸನ ‘ಸೈಕ್ಲಾಪ್ಸ್’ ಒಂದೇ.

ಹಾಗಾದರೆ ಆಡಿನ ಕಾಲು ಎಲ್ಲಿಂದ ಬಂತು? ಗ್ರೀಕರ ಪ್ಯಾನ್ ಎಂಬ ಕುರುಬರ ದೇವತೆಗೆ ಮೊದಲಿನಿಂದಲೂ ಆಡಿನ ರೂಪವಿತ್ತು. ರೋಮನ್ನರು ಪ್ಯಾನನನ್ನು ತಮ್ಮ ಫೌನಸ್ ದೇವತೆಯೊಡನೆ, ಸ್ಯಾಟರರನ್ನು ತಮ್ಮ ಕಾಡಿನ ಫೌನರೊಡನೆ ಬೆರೆಸಿದರು. ರೂಪಗಳು ಕಲೆತುಹೋದವು. ಮುಂದೆ ಕ್ರೈಸ್ತ ಯುರೋಪಿನಲ್ಲಿ ಕೊಂಬು, ಗೊರಸುಗಳು ಸೈತಾನನ ಪಾಲಾದವು.

ಇಂಥ ಭೂತಚರಿತ್ರೆಯವನು ಮಕ್ಕಳ ಕಥೆಗೆ ಬರಬೇಕಾದರೆ ಶುದ್ಧೀಕರಣ ಅಗತ್ಯವಾಯಿತು. ಸಿ.ಎಸ್. ಲೂಯಿಸ್ 1950ರ ‘ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್’ ಕೃತಿಯಲ್ಲಿ ಫೌನ್ ಟಮ್ನಸನ ಕೈಗೆ ಕೊಡೆ ಕೊಟ್ಟರು. ಅವನು ಪುಟ್ಟ ಲೂಸಿಗೆ ಉಪಚರಿಸುವುದು ದ್ರಾಕ್ಷಾರಸದಿಂದಲ್ಲ, ಚಹಾದಿಂದ! ಆದರೂ ಹಳೆಯ ಗುಣ ಪೂರ್ತಿ ಹೋಗಿಲ್ಲ. ಅವಳನ್ನು ಮಾಟಗಾತಿಗೆ ಒಪ್ಪಿಸುವ ಹಂಚಿಕೆ ಅವನಲ್ಲಿತ್ತು. ಮನಸ್ಸು ಕರಗಿ ಬಿಟ್ಟುಬಿಡುತ್ತಾನೆ. ಗಿಲ್ಯೆರ್ಮೊ ದೆಲ್ ತೋರೊ ಅವರ 2006ರ ಸ್ಪ್ಯಾನಿಷ್ ಚಿತ್ರ ‘ಪ್ಯಾನ್ಸ್ ಲ್ಯಾಬಿರಿಂತ್’ನಲ್ಲಿಯೂ, ಫೌನನನ್ನು ನಂಬಬಹುದೇ ಎಂಬ ಅಳುಕು ಕೊನೆಯವರೆಗೂ ನಮ್ಮನ್ನು ಬಿಡುವುದಿಲ್ಲ.

ಗ್ರೋವರನ ಹೊಣೆ ಇನ್ನೂ ದೊಡ್ಡದು. ಅವನು ಕಾಣೆಯಾದ ಪ್ಯಾನನನ್ನು ಹುಡುಕುತ್ತಾನೆ. ಚಕ್ರವರ್ತಿ ಟೈಬೀರಿಯಸನ ಕಾಲದಲ್ಲಿ ಮಹಾಪ್ಯಾನ್ ಸತ್ತನೆಂಬ ವಾಣಿ ಸಮುದ್ರದ ಮೇಲೆ ಕೇಳಿಬಂತೆಂದು ಪ್ಲೂಟಾರ್ಕ್ ಬರೆದಿದ್ದಾನೆ. ರಿಯೊರ್ಡನ್ ಆ ಹಳೆಯ ಕಥೆಯನ್ನೇ ಎತ್ತಿಕೊಂಡು, ಅದಕ್ಕೆ ಕಾಡು ಅಳಿಯುತ್ತಿದೆಯೆಂಬ ನಮ್ಮ ಕಾಲದ ಭಯವನ್ನು ತುಂಬಿದರು. 2008ರ ನಾಲ್ಕನೆಯ ಸಂಪುಟದಲ್ಲಿ ಪ್ಯಾನ್ ಸಿಗುತ್ತಾನೆ, ಆದರೆ ಉಳಿಯುವುದಿಲ್ಲ. ಪ್ರಕೃತಿಯನ್ನು ಕಾಯುವ ಕೆಲಸ ಉಳಿದವರದಾಗುತ್ತದೆ.

ನೋಡಿದಿರಲ್ಲ, ಅಥೆನ್ಸಿಗೆ ನಗು ಬೇಕಿತ್ತು, ಮಧ್ಯಯುಗಕ್ಕೆ ಒಂದು ಭಯದ ರೂಪ ಬೇಕಿತ್ತು, ನಮಗೆ ಕಾಡಿನ ಕಾವಲುಗಾರ ಬೇಕಾಗಿದ್ದಾನೆ. ಆದ್ದರಿಂದ ಚಲನಚಿತ್ರದ ಸ್ಯಾಟರನನ್ನು ಗ್ರೀಕರ ಕುರಿತ ಸಾಕ್ಷ್ಯವೆಂದು ಒಪ್ಪಿಕೊಳ್ಳಬೇಡಿ. ಆ ಚಿತ್ರ ತೆಗೆದವರ ಕಾಲದ ಸಾಕ್ಷ್ಯವೆಂದು ಓದಿ. ಮುಂದಿನ ಬಾರಿ ತೆರೆಯ ಮೇಲೆ ಪುರಾಣದ ಪಾತ್ರವೊಂದು ಕಂಡಾಗ, ಅದರಲ್ಲಿ ಹಳೆಯದೆಷ್ಟು, ಹೊಸದೆಷ್ಟು, ಕೈಬಿಟ್ಟದ್ದು ಯಾವುದು ಎಂದು ಗೆಳೆಯರೊಡನೆ ಚರ್ಚಿಸಿ. ಇತಿಹಾಸದ ಅಭ್ಯಾಸ ಅಲ್ಲಿಂದಲೂ ಆರಂಭವಾಗಬಹುದು.