ಕಾರ್ಖಾನೆ ಮುಚ್ಚಿದ ಮೇಲೂ ಓಡಿದ ಜಾವಾ

ಕೈಗಾರಿಕೆಯ ಇತಿಹಾಸವೆಂದರೆ ನಮ್ಮಲ್ಲಿ ಸಾಮಾನ್ಯವಾಗಿ ಕಾರ್ಖಾನೆಯ ಇತಿಹಾಸ. ಯಾರು ಕಟ್ಟಿದರು, ಯಾರು ಉದ್ಘಾಟಿಸಿದರು, ಯಾವಾಗ ಬೀಗ ಬಿತ್ತು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಆದರೆ ಬೀಗ ಬಿದ್ದ ದಿನವೇ ಅಲ್ಲಿ ತಯಾರಾದ ಯಂತ್ರಗಳು ನಿಂತುಬಿಡುವುದಿಲ್ಲ. ಅವುಗಳನ್ನು ಆಮೇಲೂ ಓಡಿಸಿದವರು ಯಾರು? ಮೈಸೂರಿನ ಜಾವಾ ಮೋಟಾರ್ ಸೈಕಲ್‌ನ ಕಥೆಯಲ್ಲಿ ಈ ಪ್ರಶ್ನೆಗೆ ಉತ್ತರವಿದೆ.

ಜಾವಾ ಎಂಬ ಹೆಸರಿಗೂ ಇಂಡೋನೇಷ್ಯಾದ ದ್ವೀಪಕ್ಕೂ ಸಂಬಂಧವಿಲ್ಲ. ಚೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪೆನಿಯ ಮೋಟಾರ್ ಸೈಕಲನ್ನು ತನ್ನ ದೇಶದಲ್ಲಿ ತಯಾರಿಸತೊಡಗಿದರು. ಎರಡೂ ಹೆಸರುಗಳ ಮೊದಲ ಎರಡೆರಡು ರೋಮನ್ ಅಕ್ಷರಗಳು ಕೂಡಿ ಜಾವಾ ಆಯಿತು. ಸ್ವಾತಂತ್ರ್ಯಾನಂತರ ವಿದೇಶಿ ವಾಹನಗಳ ಆಮದಿಗೆ ಕಡಿವಾಣ ಬಿದ್ದಾಗ ಮುಂಬಯಿಯ ರುಸ್ತುಂ ಇರಾನಿ ಐಡಿಯಲ್ ಜಾವಾ ಕಂಪೆನಿಯನ್ನು ಸ್ಥಾಪಿಸಿದರು. ಯಾದವಗಿರಿಯ ಕಾರ್ಖಾನೆ 1961ರಲ್ಲಿ ಆರಂಭವಾಯಿತು. ಅಂದು ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. 1973ರ ಹೊತ್ತಿಗೆ ಬೈಕಿನ ಹೆಸರು ಯೆಜ್ಡಿ ಎಂದಾಯಿತು. ಇರಾನಿನ ಯಜ್ದ್ ನಗರದ ನೆನಪು ಆ ಹೆಸರಿನಲ್ಲಿದೆ. ಚೆಕ್ ತಂತ್ರಜ್ಞಾನ, ಪಾರ್ಸಿ ಬಂಡವಾಳ, ಕನ್ನಡನಾಡಿನ ದುಡಿಮೆ - ಒಂದು ಬೈಕಿನೊಳಗೆ ಇಷ್ಟೆಲ್ಲ ಇತ್ತು!

ಎಂಬತ್ತರ ದಶಕದ ನಡುವೆ ಜಪಾನಿ ಸಹಯೋಗದ ಹಗುರ ಬೈಕುಗಳು ಬಂದವು. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಕಡಿಮೆ ಪೆಟ್ರೋಲ್ ಕುಡಿಯುವುದಕ್ಕೇ ಹೆಸರಾಯಿತು. ಎರಡು ಸ್ಟ್ರೋಕಿನ ಯೆಜ್ಡಿಗೆ ಆ ಪೈಪೋಟಿ ತಡೆಯಲಾಗಲಿಲ್ಲ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಾರ್ಮಿಕರು ಕೆಲಸ ಕಳೆದುಕೊಂಡರು, ಬೈಕುಗಳು ತವರು ಕಳೆದುಕೊಂಡವು.

ಇಲ್ಲಿಂದ ಕಥೆ ಗುಜರಿಗೆ ಬರುತ್ತದೆ. ಗುಜರಿ ಸೇರಿದ ಹಳೆಯ ಬೈಕಿನಲ್ಲಿ ಎಂಜಿನ್ ಇರುತ್ತದೆ, ಚಾಸಿ ಇರುತ್ತದೆ. ಇಲ್ಲದಿರುವುದು ಸವಾರನ ಕೈಕಾಲಿಗೆ ಸಿಗುವ ಭಾಗಗಳು: ಕ್ಲಚ್ ಮತ್ತು ಬ್ರೇಕ್ ಲಿವರ್‌ಗಳು, ಆಕ್ಸಿಲರೇಟರ್ ಹಿಡಿ, ಕೇಬಲ್‌ಗಳು, ಸ್ವಿಚ್‌ಗಳು, ಗೇರ್ ಲಿವರ್. ಇವು ಹೊರಗೆ ಚಾಚಿಕೊಂಡಿರುವುದರಿಂದ ಬೈಕ್ ಬಿದ್ದಾಗ ಮೊದಲು ಮುರಿಯುತ್ತವೆ. ಬಿಚ್ಚುವುದೂ ಸುಲಭ, ಹಾಗಾಗಿ ಮೊದಲು ಮಾಯವಾಗುವುದೂ ಇವೇ.

ಜಾವಾದ ಗೇರ್ ಲಿವರನ್ನೇ ನೋಡಿ. ಬೇರೆ ಬೈಕುಗಳಲ್ಲಿ ಕಿಕ್ಕರ್ ಬೇರೆ, ಗೇರ್ ಬೇರೆ. ಜಾವಾದಲ್ಲಿ ಎರಡಕ್ಕೂ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದು ಕಿಕ್ಕರ್, ಮೊದಲಿನ ಜಾಗಕ್ಕೆ ಮರಳಿದರೆ ಗೇರ್. ಗೇರ್ ಬದಲಿಸಲು ಕಾಲಿನಿಂದ ಅದನ್ನು ಒತ್ತಿದಾಗ ಕ್ಲಚ್ ಕೂಡ ತಾನಾಗಿ ಬಿಟ್ಟುಕೊಳ್ಳುವ ಏರ್ಪಾಡು ಬೇರೆ! ಚೆಕ್ ಎಂಜಿನಿಯರುಗಳ ಈ ಜಾಣ್ಮೆಯೇ ಮುಂದೆ ತೊಡಕಾಯಿತು. ಆ ಒಂದು ಲಿವರ್ ಕಳೆದರೆ ಬೈಕ್ ಚಾಲೂ ಮಾಡುವುದೂ ಕಷ್ಟ, ಗೇರ್ ಹಾಕುವುದೂ ಕಷ್ಟ. ಮತ್ತೊಂದು ಕಂಪೆನಿಯ ಲಿವರ್ ಅಲ್ಲಿ ಕೂರುವುದಿಲ್ಲ.

ಹ್ಯಾಂಡಲ್ ಮೇಲಿನ ಲಿವರ್‌ಗಳ ಕಷ್ಟ ಬೇರೆ ಬಗೆಯದು. ಬೇರೆ ಬೈಕಿನ ಲಿವರನ್ನು ಅಲ್ಲಿ ಕೂರಿಸಬಹುದು, ಆದರೆ ಕೂತ ಮಾತ್ರಕ್ಕೆ ಕೆಲಸ ಆಯಿತೆನ್ನುವಂತಿಲ್ಲ. ಲಿವರ್ ತಿರುಗುವ ಮೊಳೆಗೂ ಕೇಬಲ್ ಸಿಕ್ಕಿಸುವ ತೂತಿಗೂ ಎಷ್ಟು ಅಂತರವಿದೆ ಎಂಬುದರ ಮೇಲೆ ಕೇಬಲ್ ಎಷ್ಟು ಎಳೆಯಲ್ಪಡುತ್ತದೆ ಎಂಬುದು ನಿಂತಿದೆ. ಅಂತರ ಕಡಿಮೆಯಾದರೆ ಲಿವರ್ ಹಗುರವಾಗುತ್ತದೆ, ಆದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ. ಹೆಚ್ಚಾದರೆ ಕೈ ಸೋಲುತ್ತದೆ.

ಕೇಬಲ್ ಸಿಗದಿದ್ದರೆ ಮೆಕ್ಯಾನಿಕ್ ತಾನೇ ಮಾಡಿಕೊಳ್ಳುತ್ತಾನೆ. ಉಕ್ಕಿನ ತಂತಿಯನ್ನು ಲೋಹದ ಗುಂಡಿನೊಳಗೆ ತೂರಿಸಿ, ತುದಿಯ ಎಳೆಗಳನ್ನು ಹೂವಿನಂತೆ ಬಿಡಿಸಿ, ಅದರ ಮೇಲೆ ಬೆಸುಗೆ ಹಾಕುತ್ತಾನೆ. ಎಳೆ ಬಿಡಿಸದೆ ಬೆಸುಗೆ ಹಾಕಿದರೆ ಒಂದು ದಿನ ಗುಂಡು ಜಾರುತ್ತದೆ. ಅದು ಮುಂದಿನ ಬ್ರೇಕಿನ ಕೇಬಲ್ ಆಗಿದ್ದರೆ? ಆಕ್ಸಿಲರೇಟರ್ ಕೇಬಲ್ ಗಿಡ್ಡವಾದರೂ ಅಪಾಯವೇ, ಹ್ಯಾಂಡಲ್ ತಿರುಗಿಸಿದಾಗ ಎಂಜಿನ್ ತಾನಾಗಿ ವೇಗ ಪಡೆಯುತ್ತದೆ. ಆದ್ದರಿಂದ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಅಳತೆ ನೋಡುತ್ತಾರೆ. ಇಲ್ಲಿ ಕೈಕೆಲಸವೆಂದರೆ ಇನ್ನೊಬ್ಬರ ಪ್ರಾಣದ ಹೊಣೆ.

ಈ ಅರಿವು ಉಳಿದದ್ದು ಎಲ್ಲಿ? ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ, ಜೆ.ಸಿ. ರಸ್ತೆಯ ಬಿಡಿಭಾಗದ ಮಳಿಗೆಗಳಲ್ಲಿ, ಊರೂರಿನ ಲೇತ್ ಮತ್ತು ಗ್ಯಾರೇಜುಗಳಲ್ಲಿ. ಈ ಕಸುಬು ಒಂದೇ ಸಮುದಾಯದ್ದಲ್ಲ. ಆದರೂ ಮುಸ್ಲಿಮ್ ದುಡಿಮೆಗಾರರ ಪಾಲು ಹೆಚ್ಚಿರುವ ಕ್ಷೇತ್ರಗಳಲ್ಲಿ ವಾಹನ ದುರಸ್ತಿಯೂ ಒಂದೆಂದು 2006ರ ಸಾಚಾರ್ ಸಮಿತಿಯ ವರದಿ ಗುರುತಿಸಿತ್ತು. ಆ ವರದಿಯನ್ನು ನಾವು ಓದಿದ್ದು ಹಿಂದುಳಿದಿರುವಿಕೆಯ ಲೆಕ್ಕವಾಗಿ. ಅದು ಸರಿಯೇ. ಆದರೆ ಅದೇ ಸಾಲಿನೊಳಗೆ ಒಂದು ವಿದ್ಯೆಯೂ ಇತ್ತು ಎಂಬುದನ್ನು ನಾವು ಗಮನಿಸಲಿಲ್ಲ. ಗ್ಯಾರೇಜಿನಲ್ಲಿ ಉಸ್ತಾದನ ಕೈ ನೋಡುತ್ತಾ ಕಲಿತ ಹುಡುಗನಿಗೆ ಪ್ರಮಾಣಪತ್ರವಿಲ್ಲ. ಮುರಿದ ಲಿವರನ್ನು ಎದುರಿಗಿಟ್ಟುಕೊಂಡು ಹೊಸದನ್ನು ಕಡೆದ ಟರ್ನರನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಇಂದು ಹಳೆಯ ಜಾವಾಕ್ಕೆ ಮತ್ತೆ ಬೆಲೆ ಬಂದಿದೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ರೂಪದಲ್ಲಿ ಮಾರುಕಟ್ಟೆಗೆ ಬಂದವು. ಅವು ನಾಲ್ಕು ಸ್ಟ್ರೋಕಿನ ಬೇರೆಯೇ ಬೈಕುಗಳು, ಅವುಗಳ ಭಾಗ ಹಳೆಯದಕ್ಕೆ ಒದಗುವುದಿಲ್ಲ. ಐವತ್ತು ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ಪ್ರತ್ಯೇಕ ನೋಂದಣಿಯ ನಿಯಮ ತಂದಿತು. ಹಾಗಾಗಿ ಗುಜರಿಯಿಂದ ಬೈಕ್ ತರುವವರು ಲಿವರ್ ಹುಡುಕುವ ಮೊದಲು ಆರ್.ಸಿ. ಪುಸ್ತಕ ಕೇಳಬೇಕು, ಎಂಜಿನ್ ಮತ್ತು ಚಾಸಿ ನಂಬರ್ ತಾಳೆ ನೋಡಬೇಕು. ಕಳವಿನ ಮಾಲಿಗೆ ಜೀವ ಕೊಡುವುದು ದುರಸ್ತಿಯಲ್ಲ.

ಬೈಕಿಗೆ ಮೂಲರೂಪವನ್ನು ಗುರುತಿಸುವ ಕಾನೂನು ಬಂತು. ಅದನ್ನು ಅಲ್ಲಿಯವರೆಗೆ ಉಳಿಸಿಕೊಟ್ಟ ಕೈಗಳಿಗೆ ಏನು ಬಂತು? ಹಿರಿಯ ಉಸ್ತಾದರು ಒಬ್ಬೊಬ್ಬರಾಗಿ ಕೆಲಸ ಬಿಡುತ್ತಿದ್ದಾರೆ. ಅವರ ತಲೆಯಲ್ಲಿರುವ ಅಳತೆಗಳನ್ನು, ಅವರು ಕೆಲಸ ಕಲಿತ ಬಗೆಯನ್ನು ಯಾರಾದರೂ ಕುಳಿತು ಕೇಳಿ ಬರೆದುಕೊಳ್ಳಬೇಕು. ನಮ್ಮ ಊರಿನ ಕಾಲೇಜುಗಳ ಇತಿಹಾಸ ವಿಭಾಗಗಳು ಗ್ಯಾರೇಜಿನ ಬಾಗಿಲಿಗೂ ಒಮ್ಮೆ ಹೋಗಿ ಬರಲಿ. ಕಳೆದುಹೋದ ಲಿವರನ್ನು ಮತ್ತೆ ಕಡೆಯಬಹುದು, ಬರೆದಿಡದೆ ಕಳೆದ ಅರಿವನ್ನು ಮತ್ತೆ ಕಡೆಯುವ ಲೇತ್ ಎಲ್ಲಿಯೂ ಇಲ್ಲ.